ವಯಸ್ಸು 26 ಆದರೂ ವೈನ್ ಶಾಪ್‌ನಲ್ಲಿ ಆಧಾರ್ ಕೇಳ್ತಾರೆ, ಇದು ಕಾನೂನಾ ಕಿರಿಕ್ಕಾ?

ದಾವಣಗೆರೆಯ ವೈನ್ ಶಾಪ್‌ನಲ್ಲಿ ಬಿಯರ್ ತಗೊಳ್ಳೋಕೆ ಹೋದಾಗ ಆದದ್ದನ್ನ ಬರೆದು ಕೇಳಿದ್ದೀರಿ. ಅವರು ಆಧಾರ್ ಕೇಳಿದ್ದು ಸರಿ. ನೀವು ಡಿಜಿಲಾಕರ್ (ದಾಖಲೆಗಳನ್ನ ಫೋನಲ್ಲೇ ಇಡೋ ಸರ್ಕಾರಿ ಆ್ಯಪ್) ತೆರೆದು ತೋರಿಸಿದರೂ "ಒರಿಜಿನಲ್ ತಗೊಂಬರ್ರಿ" ಅಂದದ್ದು ತಪ್ಪು. ದುಡ್ಡು ನಿಮ್ಮದು, ಬಿಯರ್ ನಿಮಗೆ, ಆದರೂ ಬೈಕ್ ಹತ್ತಿರ ನಿಂತಿದ್ದ ತಮ್ಮನ ಕಾರ್ಡೂ ಬೇಕು ಅಂತ ಹಟ ಹಿಡಿದದ್ದು ಅತಿಯಾಯ್ತು.

ದಾವಣಗೆರೆಯಲ್ಲೇ ನಮ್ಮ ಮಾವನ ಸಿಎಲ್-2 ಅಂಗಡಿ, ಅಂದ್ರೆ ಬಾಟಲಿ ಪಾರ್ಸೆಲ್ ಮಾತ್ರ ಮಾರೋ ಲೈಸೆನ್ಸಿನ ವೈನ್ ಶಾಪ್ ಇತ್ತು. ಡಿಗ್ರಿ ಮುಗಿದ ಮೇಲೆ ಕೆಲಸ ಸಿಗೋವರೆಗೂ ಸಂಜೆ ಹೊತ್ತು ಅಲ್ಲಿ ಗಲ್ಲಾದಲ್ಲಿ ಕೂರ್ತಿದ್ದೆ. ಹಾಗಾಗಿ ಜಾಲರಿ ಒಳಗೆ ಕೂತವರ ಭಯ ಎಂಥದ್ದು ಅಂತ ಗೊತ್ತು.

ಭಯಕ್ಕೆ ಕಾರಣ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ತುಂಬದವರಿಗೆ ಮಾರಬಾರದು ಅನ್ನುತ್ತೆ. 1967ರ ಸನ್ನದು (ಲೈಸೆನ್ಸ್) ನಿಯಮಗಳು 21 ಅನ್ನುತ್ತವೆ. ಈ ಗೊಂದಲ ತೆಗೆಯೋಕೆ ಅಂತ 2023ರ ಜನವರಿಯಲ್ಲಿ ನಿಯಮದ 21ನ್ನೂ 18ಕ್ಕೆ ಇಳಿಸೋ ಕರಡು ಬಂತು. ಜನ ವಿರೋಧ ಮಾಡಿದ್ರು, ಸರ್ಕಾರ ಅದೇ ತಿಂಗಳು ವಾಪಸ್ ತಗೊಂಡಿತು. ಅಂಗಡಿಯವರಿಗೆ ಸನ್ನದೇ ಜೀವಾಳ, ಹಾಗಾಗಿ ಅವರು 21ನ್ನೇ ಹಿಡೀತಾರೆ. ಇದರ ಮೇಲೆ 2015ರ ಬಾಲನ್ಯಾಯ ಕಾಯ್ದೆ ಬೇರೆ: 18ರೊಳಗಿನವರ ಕೈಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷದವರೆಗೆ ದಂಡ. ಸಂಬಳಕ್ಕೆ ಇರೋ ಹುಡುಗನಿಗೆ ಕಲಂ ಎಲ್ಲ ಗೊತ್ತಿರಲ್ಲ, ಆದರೆ ಸಿಕ್ಕಿಬಿದ್ರೆ ಮೊದಲು ಹೋಗೋದು ತಾನೇ ಅನ್ನೋದು ಗೊತ್ತಿರುತ್ತೆ.

ನನ್ನ ತಕರಾರು ಇರೋದು ಕೇಳೋ ರೀತಿಯಲ್ಲಿ. ಊರ ತುಂಬ ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್ ಹುಡುಗರು. ಕೌಂಟರ್‌ನಲ್ಲಿ ವಯಸ್ಸು ಅಳೆಯೋದು ಗಡ್ಡ ನೋಡಿ. ದಪ್ಪ ಗಡ್ಡದ ಹತ್ತೊಂಬತ್ತರ ಹುಡುಗ "ಅಣಾ, ಒಂದು ಕ್ವಾರ್ಟರ್" ಅಂದ್ರೆ ಬಾಟಲಿ ತಾನಾಗೇ ಹೊರಗೆ ಬರುತ್ತೆ. ನಿಮ್ಮ ಹಾಗೆ ನುಣ್ಣಗೆ ಶೇವ್ ಮಾಡಿ, ಹೆಗಲಿಗೆ ಬ್ಯಾಗ್ ಹಾಕ್ಕೊಂಡು ಹೋದವರಿಗೆ ಆಧಾರ್. ಅದೂ ದಿನಾ ಅಲ್ಲ. ಅಬಕಾರಿಯವರು ಬಂದು ಹೋದ ಮೇಲೆ ನಾಲ್ಕು ದಿನ ಎಲ್ಲರೂ ಕಟ್ಟುನಿಟ್ಟು, ಆಮೇಲೆ ಯಥಾಪ್ರಕಾರ.

ಸಂಜೆ ಏಳೂವರೆಯ ರಶ್ ನೋಡಿದ್ದೀರಲ್ಲ. ಜಾಲರಿಯ ಕಿಂಡಿಯಲ್ಲಿ ಒಂದೇ ಸಲ ಐದಾರು ಕೈ, ಫೋನ್‌ಪೇ ಡಬ್ಬಿ ಬಾಯಿ ಮುಚ್ಚಲ್ಲ, ಹಿಂದಿನಿಂದ "ಲೇ, ಲಗೂ ಕೊಡಲೇ" ಅನ್ನೋ ಕೂಗು. ಅದರ ಮಧ್ಯೆ ಯಾರೋ ಹಳೇ ಆಧಾರ್ ತೂರಿಸ್ತಾರೆ, ಅದರಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತೆ, ತಾರೀಖು ಇರಲ್ಲ. ಕಳೆದರೆ ಸರಿಯಾಗಿ 21 ಬರುತ್ತೆ. ಹುಟ್ಟುಹಬ್ಬ ಆಗಿದೆಯಾ, ಇನ್ನೂ ಇದೆಯಾ? ಇಂಥ ಕಡೆ ನಾನೂ ಇಲ್ಲ ಅಂತಿದ್ದೆ, ಬೈಸ್ಕೊಂತಿದ್ದೆ.

ನಿಜವಾಗಿ ವಯಸ್ಸಾಗದ ಹುಡುಗರು ಕೌಂಟರ್‌ಗೇ ಬರಲ್ಲ. ರಸ್ತೆ ಆಚೆ ನಿಂತು ಯಾರಾದ್ರೂ ಹಿರಿಯರ ಕೈಗೆ ದುಡ್ಡು ಕೊಟ್ಟು "ಕಾಕಾ, ಒಂದು ತೊಂಬತ್ತು ತಂದುಕೊಡ್ರಿ, ಚಿಲ್ಲರೆ ನೀವೇ ಇಟ್ಕಳ್ರಿ" ಅಂತಾರೆ. ಕಾಕಾನ ಆಧಾರ್ ಯಾರು ಕೇಳ್ತಾರೆ? ನಿಮ್ಮ ತಮ್ಮನ ಕಾರ್ಡ್ ಕೇಳಿದ್ದು ಇದೇ ಅನುಮಾನಕ್ಕೆ ಇರಬಹುದು. ಅನುಮಾನ ಬಂದರೆ "ಅವರಿಗೆ ಕೊಡಬ್ಯಾಡ್ರಿ" ಅಂತ ಹೇಳಬಹುದಿತ್ತು, ತೀರಾ ಅನ್ನಿಸಿದ್ರೆ ಮಾರದೇ ಇರಬಹುದಿತ್ತು. ದಾರಿಯಲ್ಲಿ ನಿಂತವರ ಕಾರ್ಡನ್ನೆಲ್ಲ ತರಿಸೋದು ಯಾವ ನ್ಯಾಯ? ಇಷ್ಟು ಶಿಸ್ತಿನ ಅಂಗಡಿಯ ಪಕ್ಕದ ಸಂದಿಗೆ ಹೋಗಿ ನೋಡಿ: ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಮಂಡಕ್ಕಿ-ಮಿರ್ಚಿ. ಸಿಎಲ್-2 ಇರೋದು ಪಾರ್ಸೆಲ್‌ಗೆ, ಅಲ್ಲೇ ನಿಂತು ಕುಡಿಸೋಕಲ್ಲ. ಆ ನಿಯಮ ಮಾತ್ರ ಯಾರಿಗೂ ನೆನಪಾಗಲ್ಲ.

ಜಗಳ ಆಡಬೇಡಿ, ಕಿಂಡಿ ಒಳಗಿನವನಿಗೆ "ಇಲ್ಲ" ಅನ್ನೋಕೆ ಖರ್ಚಿಲ್ಲ. ಆಧಾರ್ ಬದಲು ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಹುಟ್ಟಿದ ತಾರೀಖು ಪೂರ್ತಿ ಇರುತ್ತೆ. ಫೋನಲ್ಲಿ ತೋರಿಸೋದಾದ್ರೆ ಸ್ಕ್ರೀನ್‌ಶಾಟ್ ಬೇಡ, ಅದನ್ನ ಯಾರು ಬೇಕಾದ್ರೂ ತಿದ್ದಬಹುದು, ಅದನ್ನ ಒಪ್ಪದಿದ್ರೆ ಅವರದ್ದೇ ಸರಿ. ಅವರ ಕಣ್ಣೆದುರೇ ಡಿಜಿಲಾಕರ್ ಆ್ಯಪ್ ತೆರೀರಿ. 2016ರ ಕೇಂದ್ರ ನಿಯಮದ ಪ್ರಕಾರ ಅದರಲ್ಲಿ ಬಂದ ದಾಖಲೆ ಮೂಲ ಪ್ರತಿಗೆ ಸಮ, ಇದನ್ನ ನಿಧಾನವಾಗಿ ಒಂದು ಸಲ ಹೇಳಿ. ಒಪ್ಪಲಿಲ್ಲ ಅಂದ್ರೆ, ಇಲ್ಲಾ ಕಾರ್ಡಿನ ಫೋಟೊ ತಗೋತೀನಿ ಅಂದ್ರೆ, ಕಾರ್ಡ್ ವಾಪಸ್ ಇಸ್ಕೊಂಡು ಬೇರೆ ಅಂಗಡಿಗೆ ಹೋಗಿ. ರಾತ್ರಿ ಹತ್ತೂವರೆಗೆ ಶಟರ್ ಎಳೀತಾರೆ, ಅದರೊಳಗೆ.