ಬಣ್ಣಕ್ಕೆ ಮೊದಲು ನೀರು ನೋಡಿ

ಓದುಗರ ಪತ್ರ: ಮಗಳ ಹುಟ್ಟುಹಬ್ಬಕ್ಕೆಂದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದೆವು. ಅದೇ ಸಂಜೆ 2 ಗೋಲ್ಡ್‌ಫಿಶ್, 2 ಏಂಜೆಲ್, 6 ನಿಯಾನ್ ಟೆಟ್ರಾ, 4 ಟೈಗರ್ ಬಾರ್ಬ್, 1 ಫೈಟರ್, 1 ಸಕ್ಕರ್ ಬಿಟ್ಟೆವು. ಅಂಗಡಿಯವರು ‘ಎಲ್ಲಾ ಒಟ್ಟಿಗೆ ಇರ್ತವೆ’ ಅಂದಿದ್ದರು. ಹನ್ನೆರಡು ದಿನದಲ್ಲಿ ನಿಯಾನ್ ಆರೂ ಹೋದವು, ಫೈಟರ್ ಸತ್ತಿತು, ಒಂದು ಏಂಜೆಲ್ ಕೂಡ. ಮನೆಗೆ ಬಿದ್ದ ದೃಷ್ಟಿಯನ್ನು ಮೀನು ತಗೊಂಡು ಹೋಯಿತು ಅನ್ನುತ್ತಾರೆ ನಮ್ಮತ್ತೆ. ತಪ್ಪು ಎಲ್ಲಾಯಿತು? ಇನ್ನು ಯಾವ ಮೀನು ತರಲಿ? ರಾತ್ರಿ ಮೀನಿಗೆ ಲೈಟ್ ಬೇಕಾ ಅಂತ ಮಗಳು ಕೇಳುತ್ತಿದ್ದಾಳೆ. – ಓದುಗಿ, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಮೊದಲ ತೊಟ್ಟಿಯೂ ಹೀಗೇ ಬರಿದಾಗಿತ್ತು. ಹನ್ನೆರಡು ನಿಯಾನ್, ಜೊತೆಗೆ ಐದು ರೂಪಾಯಿ ನಾಣ್ಯದಷ್ಟಿದ್ದ ಎರಡು ಏಂಜೆಲ್ ಮರಿ. ಕೆಲವು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಗ್ಗೆ ಲೈಟ್ ಹಾಕಿದರೆ, ಅಂಗೈಯಷ್ಟು ಬೆಳೆದಿದ್ದ ಏಂಜೆಲ್‌ನ ಬಾಯಿಂದ ಕೆಂಪು ಬಾಲವೊಂದು ಇಣುಕುತ್ತಿತ್ತು. ಆ ಏಂಜೆಲ್ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅಮೆಜಾನ್ ಸೀಮೆಯಲ್ಲಿ ಅದರ ಹಿರಿಯರು ತಿನ್ನುತ್ತಿದ್ದುದೂ ಇಂಥ ಪುಟ್ಟ ಮೀನನ್ನೇ. ಬಾಯಿಗೆ ಹಿಡಿಸಿದ್ದೆಲ್ಲ ಮೀನಿಗೆ ಊಟ.

ಆದರೆ ನಿಮ್ಮ ಮನೆಯಲ್ಲಿ ಮೀನುಗಳು ಹೋದದ್ದು ಹೆಚ್ಚಾಗಿ ಏಂಜೆಲ್‌ನಿಂದಲ್ಲ ಎಂದು ನನ್ನ ಅಂದಾಜು. ಅತ್ತೆಯವರಿಗೂ ಇದನ್ನು ಸಮಾಧಾನವಾಗಿ ಹೇಳಿ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದು ಕೊಳೆತ ಆಹಾರದಿಂದ ನೀರಿಗೆ ಅಮೋನಿಯಾ ಎಂಬ ವಿಷ ಸೇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಅದೇ ಸಂಜೆ ಹದಿನಾರು ಮೀನು ಬಿಟ್ಟಿರಿ. ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿದರೆ 56 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಉಳಿಯುವುದು 45 ಲೀಟರ್ ಆಸುಪಾಸು, ಅಂದರೆ ಕುಡಿಯುವ ನೀರಿನ ಎರಡು ಕ್ಯಾನಿಗಿಂತ ಸ್ವಲ್ಪ ಜಾಸ್ತಿ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವಾ, ಕಿವಿರು ಕೆಂಪಗಿತ್ತಾ, ನೆನಪು ಮಾಡಿಕೊಳ್ಳಿ.

ಫೈಟರಿನ ಕತೆ ಬೇರೆ ಇರಬಹುದು. ಟೈಗರ್ ಬಾರ್ಬ್‌ಗೆ ಉದ್ದ ರೆಕ್ಕೆ ಕಂಡರೆ ಕಚ್ಚಿ ಎಳೆಯುವ ಚಾಳಿ. ನಾಲ್ಕೇ ಇದ್ದಾಗ ಅದು ಇನ್ನೂ ಜೋರು. ದೊಡ್ಡ ಗುಂಪಿದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡಿರುತ್ತವೆ. ಗೋಲ್ಡ್‌ಫಿಶ್ ಕಾರ್ಪ್ ಜಾತಿಯದು, ತಂಪು ನೀರಿನದು, ಹೊಟ್ಟೆಬಾಕ, ಅಷ್ಟೇ ಹೊಲಸೂ ಮಾಡುತ್ತದೆ. ಇನ್ನು ‘ಪಾಚಿ ತಿನ್ನುತ್ತೆ’ ಎಂದು ಕೊಡುವ ಬೆರಳುದ್ದದ ಸಕ್ಕರ್ ಒಂದಡಿ ದಾಟಿ ಬೆಳೆಯುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದಡಿ!

ಈಗ ಉಳಿದಿರುವ ಎಂಟನ್ನೂ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವ ಯಾರಿಗಾದರೂ ಕೊಡಿ. ದಯವಿಟ್ಟು ಕೆರೆಗೆ ಮಾತ್ರ ಬಿಡಬೇಡಿ. ದಕ್ಷಿಣ ಅಮೆರಿಕದ ಈ ಸಕ್ಕರ್ ನಮ್ಮ ದೇಶದ ಕೆರೆ, ಹೊಳೆಗಳಲ್ಲಿ ನೆಲೆಯೂರಿ ಊರಿನ ಮೀನಿನ ಜಾಗ ಕಸಿಯುತ್ತಿದೆ. ಅದೆಲ್ಲ ಶುರುವಾದದ್ದು ಹೀಗೆ ಅಕ್ವೇರಿಯಂನಿಂದ ಹೊರಬಿದ್ದ ಮೀನಿನಿಂದಲೇ.

ಹೊಸ ಮೀನಿನ ವಿಚಾರಕ್ಕೆ ಬರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ನಿಮ್ಮ ಸಂಪಿಗೆ ಬರುವುದು ಕಾವೇರಿಯೋ, ಬೋರೋ, ಟ್ಯಾಂಕರೋ? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ. ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತಿದ್ದರೆ, ಸೋಪು ಸರಿಯಾಗಿ ನೊರೆ ಬರದಿದ್ದರೆ ಅದು ಗಡಸು ನೀರು. ಅಂಥ ನೀರಿನಲ್ಲಿ ನಿಯಾನ್ ಸೊರಗುತ್ತದೆ, ಅದಕ್ಕೆ ಮೆದು ನೀರೇ ಆಗಬೇಕು. ಗಪ್ಪಿ, ಪ್ಲ್ಯಾಟಿ ಮಾತ್ರ ಗಡಸು ನೀರಲ್ಲಿ ಗಟ್ಟಿಮುಟ್ಟಾಗಿರುತ್ತವೆ. ಬೋರ್ ನೀರಾದರೆ ಎಂಟು ಗಂಡು ಗಪ್ಪಿ ತನ್ನಿ, ಅಷ್ಟೇ ಸಾಕು. ಹೆಣ್ಣು ಬೆರೆಸಿದರೆ ಸುಮಾರು ತಿಂಗಳಿಗೊಮ್ಮೆ ಮರಿ, ನೀವು ಹಂಚಲು ಅಕ್ಕಪಕ್ಕದ ಮನೆ ಹುಡುಕಬೇಕಾಗುತ್ತದೆ. ಆರ್‌ಓ ನೀರು ಹಾಕುವ ಯೋಚನೆ ಬಂದಿದ್ದರೆ ಬಿಡಿ, ಅದರಲ್ಲಿ ಮೀನಿಗೆ ಬೇಕಾದ ಲವಣವೇ ಉಳಿದಿರುವುದಿಲ್ಲ.

ಕಾವೇರಿ ನೀರಾದರೆ ಆಯ್ಕೆ ಹೆಚ್ಚು. ಸುಮಾರು 100 ಕಿಲೋಮೀಟರ್ ದೂರದಿಂದ ಬರುವ ಆ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಆದ್ದರಿಂದ ಆಂಟಿ-ಕ್ಲೋರಿನ್ ಹನಿ ಹಾಕಿಯೇ ತೊಟ್ಟಿಗೆ ಸುರಿಯಿರಿ. ನನ್ನನ್ನು ಕೇಳಿದರೆ: ನಡುನೀರಿಗೆ ಎಂಟು ಹಾರ್ಲೆಕ್ವಿನ್ ರಾಸ್ಬೋರಾ, ತಳಕ್ಕೆ ಆರು ಸಣ್ಣ ಜಾತಿಯ ಕೋರಿಡೋರಾಸ್ (ಚಿಕ್ಕದಾಗಿ ‘ಕೋರಿ’), ಮೇಲ್ಗಡೆಗೆ ಒಂದೇ ಒಂದು ‘ಹನಿ’ (ಇಂಗ್ಲಿಷಿನ ಹನಿ, ಅಂದರೆ ಜೇನು) ಗೌರಾಮಿ. ಇಲ್ಲಿಗೆ ನಿಲ್ಲಿಸಿ. ಕೋರಿ ಮೀಸೆಯಿಂದ ತಳ ಕೆದಕುವ ಮೀನು. ಚೂಪು ಜಲ್ಲಿಯಿದ್ದರೆ ಮೀಸೆ ಸವೆಯುತ್ತದೆ, ನಯವಾದ ಮರಳು ಹಾಕಿ. ನನ್ನ ತೊಟ್ಟಿಯ ಗೌರಾಮಿ ಎದೆಯಡಿಯ ಎರಡು ದಾರದಂಥ ರೆಕ್ಕೆ ಚಾಚಿ ಎಲೆ, ಕಲ್ಲು, ಹಾದುಹೋಗುವ ರಾಸ್ಬೋರಾ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತದೆ, ಕತ್ತಲಲ್ಲಿ ಸ್ವಿಚ್ ತಡಕಿದ ಹಾಗೆ. ನಿಮ್ಮ ಮಗಳಿಗೆ ಅದು ಖಂಡಿತ ಹಿಡಿಸುತ್ತದೆ.

ಈ ಮೂರಕ್ಕೂ 24–26 ಡಿಗ್ರಿ ಬೇಕು. ಡಿಸೆಂಬರ್, ಜನವರಿಯ ನಮ್ಮ ಚಳಿಗೆ 50 ವ್ಯಾಟ್ ಹೀಟರ್ ಇಲ್ಲದೆ ಆಗದು. ಹೀಟರ್ ಬೇಡವೆಂದರೆ ಎಂಟು–ಹತ್ತು ಜೀಬ್ರಾ ಡ್ಯಾನಿಯೋ ಸಾಕಿ. ಚಳಿ ತಡೆಯುತ್ತವೆ, ದಿನವಿಡೀ ಓಡಾಡುತ್ತವೆ, ನಮ್ಮದೇ ದೇಶದ ಮೀನು. ಜೀಬ್ರಾ, ಹನಿ ಗೌರಾಮಿ ಎರಡನ್ನೂ 1822ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಿ, ಬೆಂಗಳೂರಿನ ಪೇಟೆ, ಹೊಲ, ಬೆಳೆಗಳನ್ನೆಲ್ಲ ಬರೆದಿಟ್ಟ ಬುಕಾನನ್ ಇವನೇ. ಮುಂದೆ ತಾಯಿಯ ಮನೆತನದ ಹೆಸರು ಇಟ್ಟುಕೊಂಡ. ಮಗಳಿಗೆ ಹೇಳಿ.

ಒಟ್ಟಿಗೇ ತರಬೇಡಿ. ಅಕ್ವೇರಿಯಂ ಇರುವ ಪರಿಚಯದವರಿಂದ ಓಡುತ್ತಿರುವ ಫಿಲ್ಟರಿನ ಹಳೇ ಸ್ಪಂಜಿನ ತುಂಡು ಕೇಳಿ ತಂದು ನಿಮ್ಮದರಲ್ಲಿ ಸೇರಿಸಿದರೆ ಬ್ಯಾಕ್ಟೀರಿಯಾ ಬೇಗ ಕೂರುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಎಂದು ಟೆಸ್ಟ್ ಕಿಟ್ ತೋರಿಸಿದ ಮೇಲೆ ಮೊದಲು ರಾಸ್ಬೋರಾ, ಎರಡು ವಾರ ಬಿಟ್ಟು ಕೋರಿ, ಗೌರಾಮಿ ಕಡೆಗೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ನಲ್ಲಿಯಡಿ ತಿಕ್ಕಿದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತು ಕತೆ ಮತ್ತೆ ಮೊದಲಿಂದ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ.

ಮಗಳ ಪ್ರಶ್ನೆಗೆ ಉತ್ತರ: ರಾತ್ರಿ ಲೈಟ್ ಬೇಡ, ಹಗಲಲ್ಲಿ ಎಂಟು ಗಂಟೆ ಸಾಕು. ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತದೆ. ಬೆಳಗ್ಗೆ ಲೈಟ್ ಹಾಕಿದ ಕೂಡಲೇ ಮೀನುಗಳು ಬಣ್ಣಗೆಟ್ಟ ಹಾಗೆ ಕಂಡರೆ ಹೆದರಬೇಡ ಅನ್ನಿ. ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಬಣ್ಣ ಮರಳಿರುತ್ತದೆ.