ಓದುಗರ ಪ್ರಶ್ನೆ: ಅಣ್ಣತಮ್ಮ ಚಿಪ್‌ಗಳಿಗೆ ಎಷ್ಟು ಡಿವೈಸ್ ಟ್ರೀ?

ಪ್ರಶ್ನೆ: ಎಸ್‌ಟಿಎಂ32ಎಂಪಿ151, 153 ಮತ್ತು 157 ಚಿಪ್‌ಗಳ ಮೇಲೆ ನಾವು ಮೂರು ಬೋರ್ಡ್‌ಗಳನ್ನು ಮಾಡಿದ್ದೇವೆ. 157ಕ್ಕೆ ಬರೆದ ಡಿವೈಸ್ ಟ್ರೀ (ಯಾವ ಘಟಕ ಯಾವ ವಿಳಾಸದಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ಪಟ್ಟಿ) ಕಡತವನ್ನೇ ನಕಲು ಮಾಡಿಕೊಂಡು, ಬೇಡದ್ದನ್ನು ಅಳಿಸಿ ಉಳಿದೆರಡಕ್ಕೂ ಬಳಸುತ್ತಿದ್ದೇವೆ. ಆದರೆ ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದರಲ್ಲಿ ಮರೆತೇ ಹೋಗುತ್ತದೆ. ಇದಕ್ಕೆ ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತಾ ಬಂದಿದ್ದೀರಿ, ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಇದೇ ಚಿಪ್‌ಗಳಿಗೆ ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆ ಕಾರ್ಯವ್ಯವಸ್ಥೆಯ ತಿರುಳಿನಲ್ಲಿ, ಇರುವ ಕಡತಗಳನ್ನು ಒಮ್ಮೆ ತೆರೆದು ನೋಡಿ. ತಳದಲ್ಲಿರುವುದು 151ರ ಕಡತ: ಒಂದು ಕಾರ್ಟೆಕ್ಸ್-ಎ7 ಪ್ರೊಸೆಸರ್ ಕೋರ್ ಮತ್ತು ಮೂರಕ್ಕೂ ಸಾಮಾನ್ಯವಾದ ಎಲ್ಲ ಘಟಕಗಳು ಅದರಲ್ಲಿವೆ. 153ರ ಕಡತವು ಅದನ್ನು ಒಳಗೊಂಡು, ಎರಡನೆಯ ಕೋರನ್ನೂ ಕ್ಯಾನ್ ಬಸ್ಸಿನ (ವಾಹನಗಳಲ್ಲಿ ಬಳಸುವ ಸಂವಹನ ಜಾಲ) ನಿಯಂತ್ರಕಗಳನ್ನೂ ಸೇರಿಸುತ್ತದೆ. 157ರ ಕಡತವು 153ನ್ನು ಒಳಗೊಂಡು ಜಿಪಿಯು (ಗ್ರಾಫಿಕ್ಸ್ ಘಟಕ) ಮತ್ತು ಡಿಎಸ್‌ಐ (ಪರದೆಯ ಸಂಪರ್ಕ) ಎಂಬ ಎರಡು ನೋಡ್‌ಗಳನ್ನು, ಅಂದರೆ ಟ್ರೀಯಲ್ಲಿ ಒಂದೊಂದು ಘಟಕದ ನಮೂದುಗಳನ್ನು, ಸೇರಿಸಿ ಸುಮ್ಮನಾಗುತ್ತದೆ. ಅದು ಒಂದು ಪುಟವನ್ನೂ ತುಂಬುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಗೂಢಲಿಪಿ ಘಟಕ ಇದೆಯೋ ಇಲ್ಲವೋ ಎಂಬುದಕ್ಕೂ, ಚಿಪ್ಪಿನ ಹೊರಕವಚದಲ್ಲಿ ಎಷ್ಟು ಪಿನ್‌ಗಳಿವೆ ಎಂಬುದಕ್ಕೂ, ಅದು 151 ಅಥವಾ 157 ಆಗಿರುವುದಕ್ಕೂ ಸಂಬಂಧವಿಲ್ಲ. ಆದ್ದರಿಂದ ಗೂಢಲಿಪಿಗೆ ಒಂದು ತುಣುಕು ಕಡತವನ್ನೂ, ನಾಲ್ಕು ಬಗೆಯ ಕವಚಗಳಿಗೆ ನಾಲ್ಕು ಪಿನ್ ಕಡತಗಳನ್ನೂ ಪ್ರತ್ಯೇಕವಾಗಿ ಇಟ್ಟಿದ್ದಾರೆ. ಲೆಕ್ಕಕ್ಕೆ 24 ಜೋಡಣೆಗಳಾಗುವ ಕಡೆ ಎಂಟೊಂಬತ್ತು ಕಡತಗಳಲ್ಲಿ ಕೆಲಸ ಮುಗಿಯುತ್ತದೆ. ಬೋರ್ಡಿನ ಕಡತವು ತನಗೆ ಬೇಕಾದದ್ದನ್ನು ಒಂದೊಂದರಿಂದ ಆರಿಸಿಕೊಳ್ಳುತ್ತದೆ.

'ಅಳಿಸುವ ಬದಲು ಸ್ಟೇಟಸ್ ಡಿಸೇಬಲ್ಡ್ ಎಂದು ಬರೆದರಾಗದೇ' ಎಂದು ನೀವು ಕೇಳಬಹುದು. ಆಗದು. ಡಿಸೇಬಲ್ಡ್ ಎಂದರೆ ಘಟಕ ಚಿಪ್ಪಿನೊಳಗೆ ಇದೆ, ಈ ಬೋರ್ಡಿನಲ್ಲಿ ಅದಕ್ಕೆ ತಂತಿ ಎಳೆದಿಲ್ಲ ಎಂದರ್ಥ. ಘಟಕವೇ ಇಲ್ಲದಿದ್ದರೆ ನೋಡ್ ಕೂಡ ಇರಬಾರದು. 151ರಲ್ಲಿ ಡಿಎಸ್‌ಐ ನೋಡನ್ನು ಹಾಗೆ ಮಲಗಿಸಿಟ್ಟರೆ, ಮುಂದೊಂದು ದಿನ ಹೊಸಬರೊಬ್ಬರು ಅದನ್ನು ಓಕೆ ಎಂದು ಎಬ್ಬಿಸುತ್ತಾರೆ. ಆಗ ಕರ್ನಲ್ ಏನೂ ಇಲ್ಲದ ವಿಳಾಸದ ಬಾಗಿಲು ತಟ್ಟುತ್ತಾ ನಿಲ್ಲುತ್ತದೆ.

ಅಳಿಸುವುದು ಎಂದೂ ತಪ್ಪು ಎಂದೇನಲ್ಲ. ಐ.ಎಂಎಕ್ಸ್6ಯುಎಲ್‌ಎಲ್ ಚಿಪ್ಪಿನ ಕಡತವು ತನ್ನ ಅಣ್ಣನಾದ 6ಯುಎಲ್‌ನ ಕಡತವನ್ನು ಒಳಗೊಂಡು, ಡಿಲೀಟ್-ನೋಡ್ ಎಂಬ ಆದೇಶದಿಂದ ಗೂಢಲಿಪಿ ಘಟಕವನ್ನೂ ಎಂಟನೆಯ ಯುಆರ್ಟನ್ನೂ (ಸೀರಿಯಲ್ ಸಂಪರ್ಕದ ಘಟಕ) ತೆಗೆಯುತ್ತದೆ. ಮೊದಲನೆಯದು ತಮ್ಮನಲ್ಲಿ ಇಲ್ಲ. ಎರಡನೆಯದು ಬೇರೆ ವಿಳಾಸಕ್ಕೆ ಮನೆ ಬದಲಿಸಿರುವುದರಿಂದ ಅಲ್ಲಿ ಹೊಸದಾಗಿ ಬರೆಯಲ್ಪಟ್ಟಿದೆ. ಅಣ್ಣನ ಕಡತ ಮೊದಲೇ ಇದ್ದಾಗ ಇಂಥ ಒಂದೆರಡು ಅಳಿಸುವಿಕೆಗಳನ್ನು ಒಪ್ಪಬಹುದು. ಅವು ನಾಲ್ಕೈದಾದರೆ ಇಬ್ಬರಿಗೂ ಸಾಮಾನ್ಯವಾದ ಮೂರನೆಯ ಕಡತವನ್ನು ಹೊಸದಾಗಿ ಮಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಘಟಕಕ್ಕೆ ಯಾವ ಡ್ರೈವರ್ ಹೊಂದುತ್ತದೆಂದು ಹೇಳುವ ಕಂಪ್ಯಾಟಿಬಲ್ ಸಾಲಿನಲ್ಲಿ ಇಡೀ ಚಿಪ್ ಮನೆತನಕ್ಕೆ ಅನ್ವಯಿಸುವಂತೆ 'ಬಿಸಿಎಂ283ಎಕ್ಸ್' ಎಂದು ಬರೆಯಬಹುದೇ? ರಾಸ್ಪ್‌ಬೆರಿ ಪೈ ಕಡತದ ಹೆಸರಿನಲ್ಲಿಯೇ ಈ ಎಕ್ಸ್ ಇದೆಯಲ್ಲ?

ಉತ್ತರ: ಕಡತದ ಹೆಸರು ಮನುಷ್ಯರಿಗಾಗಿ ಇರುವುದರಿಂದ ಅಲ್ಲಿ ಎಕ್ಸ್ ಇದ್ದರೆ ತೊಂದರೆಯಿಲ್ಲ. ಕಂಪ್ಯಾಟಿಬಲ್ ಎಂಬುದು ಡ್ರೈವರ್‌ಗೆ (ಘಟಕವನ್ನು ನಡೆಸುವ ತಂತ್ರಾಂಶ) ಕೊಟ್ಟ ಮಾತು. ಅಲ್ಲಿ ಇಂಥ ಎಕ್ಸ್ ಬಳಸಬಾರದೆಂದು ಕರ್ನಲ್‌ನ ನಿಯಮವೇ ಹೇಳುತ್ತದೆ. ಏಕೆಂದರೆ ಆ ಎಕ್ಸಿನ ಜಾಗಕ್ಕೆ ನಾಳೆ ಯಾವ ಅಂಕಿ ಬಂದು ಕೂರುತ್ತದೆಂದು ಚಿಪ್ ತಯಾರಕರೂ ಖಚಿತವಾಗಿ ಹೇಳಲಾರರು.

ಪೈ ಮನೆತನ ಇದಕ್ಕೆ ಒಳ್ಳೆಯ ಪಾಠಶಾಲೆ. 2012ರ ಮೊದಲ ಪೈಯಲ್ಲಿದ್ದ ಬಿಸಿಎಂ2835ರಲ್ಲಿ ಘಟಕಗಳ ವಿಳಾಸ 0ಎಕ್ಸ್20000000ರಿಂದ ಆರಂಭವಾಗುತ್ತಿತ್ತು. 2015ರ ಪೈ 2ರ ಬಿಸಿಎಂ2836ರಲ್ಲಿ ಅದು 0ಎಕ್ಸ್3ಎಫ್000000ಕ್ಕೆ ಸರಿಯಿತು. ಘಟಕಗಳು ಮಾತ್ರ ಹಳೆಯವೇ. ಸಾಮಾನ್ಯ ಕಡತದಲ್ಲಿ ಅವುಗಳ ವಿಳಾಸವನ್ನು 0ಎಕ್ಸ್7ಇ000000 ಎಂಬ ಒಳಬಸ್ಸಿನ ಲೆಕ್ಕದಲ್ಲಿ ಬರೆದಿದ್ದರಿಂದ, ಅಷ್ಟು ದೊಡ್ಡ ಸ್ಥಳಾಂತರವು ಒಳಬಸ್ಸಿನ ವಿಳಾಸವನ್ನು ಪ್ರೊಸೆಸರಿನ ವಿಳಾಸಕ್ಕೆ ಹೊಂದಿಸುವ ರೇಂಜಸ್ ಎಂಬ ಒಂದೇ ಗುಣದ ಬದಲಾವಣೆಯಲ್ಲಿ ಮುಗಿಯಿತು. ಜಿಪಿಐಒ (ಗುಂಡಿ, ದೀಪಗಳಂಥವನ್ನು ಜೋಡಿಸುವ ಸಾಮಾನ್ಯ ಪಿನ್‌ಗಳ) ಘಟಕದ ಕಂಪ್ಯಾಟಿಬಲ್ ಪಟ್ಟಿಯಲ್ಲಿ 2835ರ ಹೆಸರು ಮುಂದುವರಿದದ್ದು ಸರಿಯಾಗಿಯೇ ಇತ್ತು.

2019ರ ಪೈ 4ರ ಬಿಸಿಎಂ2711ರಲ್ಲಿ ಹಾಗಾಗಲಿಲ್ಲ. ಹಳೆಯ ಚಿಪ್ಪಿನಲ್ಲಿ ಪುಲ್-ಅಪ್ (ಏನೂ ಒತ್ತದಿದ್ದಾಗ ಪಿನ್ನನ್ನು ಮೇಲಿನ ಮಟ್ಟದಲ್ಲಿ ಹಿಡಿದಿಡುವ ರೆಸಿಸ್ಟರ್; ಪುಲ್-ಡೌನ್ ಕೆಳಗಿನ ಮಟ್ಟದಲ್ಲಿ) ಹಾಕಬೇಕಾದರೆ ಒಂದು ರಿಜಿಸ್ಟರಿನಲ್ಲಿ ಬೆಲೆ ಬರೆದು, 150 ಸೈಕಲ್ ಕಾದು, ಇನ್ನೊಂದರಲ್ಲಿ ಆ ಪಿನ್ನಿಗೆ ಗಡಿಯಾರದ ಮಿಡಿತ ಕೊಡಬೇಕಿತ್ತು. ಹೊಸದರಲ್ಲಿ ಪ್ರತಿ ಪಿನ್ನಿಗೂ ಎರಡು ಬಿಟ್‌ಗಳಿರುವ ಬೇರೆಯೇ ರಿಜಿಸ್ಟರ್‌ಗಳಿವೆ. ಸಾಲದ್ದಕ್ಕೆ ಸಂಕೇತವೂ ತಿರುವುಮುರುವು: ಹಿಂದೆ 1 ಎಂದರೆ ಪುಲ್-ಡೌನ್, ಈಗ 1 ಎಂದರೆ ಪುಲ್-ಅಪ್. ನಾನು ಒಮ್ಮೆ ರಿಜಿಸ್ಟರನ್ನು ನೇರವಾಗಿ ಬರೆಯುವ ಹಳೆಯ ಪ್ರೋಗ್ರಾಮನ್ನು ಪೈ 4ರ ಮೇಲೆ ಓಡಿಸಿ, ಯಾರೂ ಮುಟ್ಟದ ಗುಂಡಿ ತಾನೇ ಒತ್ತಿಕೊಳ್ಳುತ್ತಿದ್ದುದನ್ನು ಕಂಡು ಅರ್ಧ ದಿನ ಬೆಸುಗೆಯನ್ನು ಶಂಕಿಸಿದ್ದೆ. ಕರ್ನಲ್‌ನವರು ಇದನ್ನರಿತೇ 2711ರ ಜಿಪಿಐಒಗೆ ಹೊಸ ಹೆಸರನ್ನಿಟ್ಟು, ಅದರ ಹಿಂದೆ 2835ರ ಹೆಸರನ್ನು ಹಚ್ಚಲಿಲ್ಲ.

ನಿಮಗೆ ಬೇಕಾದ ಕ್ರಮ ಇಷ್ಟೇ: ನಿಮ್ಮ ಚಿಪ್ಪಿನ ನಿಖರವಾದ ಹೆಸರನ್ನು ಮೊದಲು ಬರೆಯಿರಿ, ಹಳೆಯ ಡ್ರೈವರ್ ಒಂದಕ್ಷರವೂ ಬದಲಾಗದೆ ಅದನ್ನು ನಡೆಸಬಲ್ಲದಾದರೆ ಮಾತ್ರ ಅಣ್ಣನ ಹೆಸರನ್ನು ಅದರ ಹಿಂದೆ ಸೇರಿಸಿ. ಡ್ರೈವರ್ ಇಂದು ಮೊದಲ ಹೆಸರನ್ನು ಗುರುತಿಸದೇ ಇರಬಹುದು. ಆದರೂ ಅದು ಅಲ್ಲಿರಲಿ. ಮುಂದೆ ಆ ಚಿಪ್ಪಿನಲ್ಲಿ ದೋಷವೊಂದು ಕಂಡಾಗ, ಗ್ರಾಹಕರ ಬಳಿ ಇರುವ ಡಿವೈಸ್ ಟ್ರೀಯನ್ನು ಮುಟ್ಟದೆ ಡ್ರೈವರ್‌ನಲ್ಲಿಯೇ ಪರಿಹಾರ ಮಾಡಲು ಅದೊಂದೇ ಹಿಡಿಕೆ.

ಪ್ರಶ್ನೆ: ಮೂರು ಬೋರ್ಡ್‌ಗಳಿಗೂ ಒಂದೇ ತಂತ್ರಾಂಶದ ಕಟ್ಟನ್ನು ಕಳುಹಿಸಬಹುದೇ?

ಉತ್ತರ: ಕಳುಹಿಸಬಹುದು. ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಆದ ಯು-ಬೂಟ್‌ನ ಫಿಟ್ ಎಂಬ ಕಟ್ಟಿನಲ್ಲಿ ಒಂದು ಕರ್ನಲ್ ಮತ್ತು ಹಲವು ಡಿವೈಸ್ ಟ್ರೀಗಳು ಒಟ್ಟಿಗೆ ಕೂರುತ್ತವೆ. ಬೋರ್ಡಿನ ಮೇಲೆ ಎರಡು ಜಿಪಿಐಒ ಪಿನ್‌ಗಳಿಗೆ ಗುರುತಿನ ರೆಸಿಸ್ಟರ್‌ಗಳನ್ನು ಹಾಕಿಸಿದರೆ ನಾಲ್ಕು ಬೋರ್ಡ್‌ಗಳನ್ನು ಬೇರ್ಪಡಿಸಬಹುದು. ಬೂಟ್‌ಲೋಡರ್ ಅವುಗಳನ್ನು ಓದಿ ತಕ್ಕ ಟ್ರೀಯನ್ನು ಆರಿಸುವಂತೆ ನೀವು ಬರೆಯಬೇಕು. ಆ ಎರಡು ರೆಸಿಸ್ಟರ್‌ಗಳನ್ನು ಮುಂದಿನ ಸುತ್ತಿನ ಬೋರ್ಡ್ ತಯಾರಿಕೆಗೆ ಹೋಗುವ ಮೊದಲೇ ನಕ್ಷೆಗೆ ಸೇರಿಸಿ.