ಪುಣೆಯಲ್ಲಿರುವ 70 ವರ್ಷದ ಅಮ್ಮನ ಮಂಡಿನೋವಿಗೆ ಗಾಂಜಾ ಎಣ್ಣೆ ಕೊಡಬಹುದಾ?

ನೋವು ಸ್ವಲ್ಪ ತಗ್ಗಬಹುದು, ಮಂಡಿಯ ಸವೆತ ಮಾತ್ರ ವಾಸಿಯಾಗುವುದಿಲ್ಲ. ನಮ್ಮ ಮೈಯೇ ಗಾಂಜಾವನ್ನು ಹೋಲುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ನರಗಳಿಗೆ ಅಂಟಿಕೊಂಡು ಮಿದುಳಿಗೆ ಹೋಗುವ ನೋವಿನ ಸಂಕೇತವನ್ನು ಕಡಿಮೆ ಮಾಡುತ್ತವೆ. ಗಾಂಜಾದಲ್ಲಿರುವ, ಅಮಲು ತರುವ ಅಂಶವಾದ ಟಿಎಚ್‌ಸಿ ಮಾಡುವುದೂ ಅದನ್ನೇ.

ಗಟ್ಟಿ ಪುರಾವೆ ಇರುವುದು ಬೇರೆ ಕಡೆ. ಗಾಂಜಾದಲ್ಲೇ ಇರುವ, ಅಮಲು ತರದ ಇನ್ನೊಂದು ಅಂಶವಾದ ಸಿಬಿಡಿಯ ಔಷಧವನ್ನು ಅಪರೂಪದ ಎರಡು ಬಗೆಯ ಮೂರ್ಛೆರೋಗಕ್ಕೆ ಅಮೆರಿಕ 2018ರಲ್ಲಿ ಒಪ್ಪಿತು.

ಭಾರತದಲ್ಲಿ ಆಯುರ್ವೇದ ವೈದ್ಯರು ‘ವಿಜಯಾ’ (ಗಾಂಜಾ ಗಿಡಕ್ಕೆ ಆಯುರ್ವೇದದ ಹೆಸರು) ಎಣ್ಣೆ ಬರೆದುಕೊಡುತ್ತಾರೆ. ಅದು ಎಲೆಯದು, 1985ರ ಮಾದಕ ದ್ರವ್ಯ ಕಾನೂನಿನ ನಿಷೇಧ ಇರುವುದು ಹೂತೆನೆ ಮತ್ತು ಅಂಟಿಗೆ. ಚೀಟಿ ಇಲ್ಲದೆ ಸುಮ್ನೆ ತರಿಸಬೇಡಿ. ಅಮ್ಮ ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುತ್ತಿದ್ದರೆ ದಯವಿಟ್ಟು ಮೊದಲೇ ಡಾಕ್ಟರಿಗೆ ಹೇಳಿ. ಸಿಬಿಡಿ ಅದರ ಮಟ್ಟ ಏರಿಸಿ ರಕ್ತಸ್ರಾವ ತರಬಹುದು. ತಲೆಸುತ್ತಿ ಬೀಳುವ ಅಪಾಯವೂ ಈ ವಯಸ್ಸಿನಲ್ಲಿ ಜಾಸ್ತಿ.